ಮೊದಲ ರೇಸ್‌ಟ್ರ್ಯಾಕ್ ಪ್ರಯಾಣ: ಮನೆಯ ಯಾವ ಕಾರು ಒಯ್ಯೋಣ?

ಮೊದಲ ಸಲ ರೇಸ್‌ಟ್ರ್ಯಾಕ್‌ಗೆ ಹೊರಟವರು ಸಾಮಾನ್ಯವಾಗಿ ಕೇಳೋದು ಒಂದೇ ಪ್ರಶ್ನೆ: ‘ನನ್ನ ಕಾರಿಗೆ ಪವರ್ ಸಾಲುತ್ತಾ?’ ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಟ್ರ್ಯಾಕ್‌ನಿಂದ ಬಂದ ಮಾರನೇ ದಿನ ಈ ಕಾರು ಯಾರಿಗೆ ಬೇಕು?’ ರೇಸಿಂಗ್ ತಂಡಗಳ ಹತ್ತಿರ ಲಾರಿ ಇರುತ್ತೆ, ಮೆಕ್ಯಾನಿಕ್ ಇರ್ತಾರೆ, ಸ್ಪೇರ್ ಕಾರೂ ಇರಬಹುದು. ನಮ್ಮಂಥವರ ಹತ್ತಿರ ಇರೋದು ಮನೆಯ ಕಾರು. ಅದರಲ್ಲೇ ಹೋಗಬೇಕು, ಅದನ್ನೇ ಟ್ರ್ಯಾಕ್‌ನಲ್ಲಿ ಓಡಿಸಬೇಕು, ಅದರಲ್ಲೇ ವಾಪಸ್ ಬರಬೇಕು.

ನಮ್ಮ ಮನೆಯಲ್ಲಿ ಈ ಲೆಕ್ಕ ಹಾಕೋಕೆ ಮೂರು ವಾರ ಹಿಡಿಯಿತು. ಆ ಲೆಕ್ಕ ನಿಮಗೂ ಉಪಯೋಗಕ್ಕೆ ಬರಬಹುದು.

ನೇರ ರಸ್ತೆಯ ಆಸೆ

ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ನೋಡಿದವರಿಗೆ ಗೊತ್ತು. ಎರಡೂ ಕಡೆ ಬಯಲು, ಶೇಂಗಾ ಹೊಲ, ದೂರದಲ್ಲಿ ಬಂಡೆಗುಡ್ಡ. ರಸ್ತೆ ಕಣ್ಣು ಹಾಯುವಷ್ಟು ದೂರ ನೆಟ್ಟಗೆ ಕಾಣುತ್ತೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ವಾರವಿಡೀ ಒಂದನೇ ಗೇರಿನಲ್ಲಿ ಬೆಂದವರಿಗೆ ಇಲ್ಲಿ ಬಂದ ಕೂಡಲೇ ಕಾಲು ತಾನಾಗಿಯೇ ಕೆಳಗೆ ಹೋಗುತ್ತದೆ. ಊರಲ್ಲೇ ಇರುವ ಹುಡುಗರ ಕಾಲೂ ಅಷ್ಟೇ.

ಆದರೆ ಅದು ಖಾಲಿ ರಸ್ತೆ ಅಲ್ಲ. ಕುರಿ ಹಿಂಡು ದಾಟುತ್ತೆ. ಲೈಟಿಲ್ಲದ ಟ್ರ್ಯಾಕ್ಟರ್ ಹೊಲದಿಂದ ಏಕಾಏಕಿ ರಸ್ತೆಗೆ ಹತ್ತುತ್ತೆ. ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆ ದಿನಗಳಲ್ಲಂತೂ ಸುತ್ತಲ ರಸ್ತೆಗಳ ಅಂಚಿನಲ್ಲಿ ನಡೆದು ಹೋಗುವ ಭಕ್ತರ ಸಾಲೇ ಇರುತ್ತದೆ.

ಚಿಕ್ಕಪ್ಪನ ಮಗನಿಗೆ 23 ವರ್ಷ. ಚಳ್ಳಕೆರೆಯಲ್ಲಿ ಅವರದ್ದು ಶೇಂಗಾ ಎಣ್ಣೆ ಗಾಣದ ವ್ಯವಹಾರ, ಲೆಕ್ಕಪತ್ರ ಅವನೇ ನೋಡಿಕೊಳ್ತಾನೆ. ಒಂದು ರಾತ್ರಿ ಗೆಳೆಯರಿಗೆ ಕಳಿಸಬೇಕಿದ್ದ ವಿಡಿಯೊ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. ಸ್ಪೀಡೋಮೀಟರ್ ಮುಳ್ಳು 150ರ ಹತ್ತಿರ. ಹಿನ್ನೆಲೆಯಲ್ಲಿ ಹಾಡು. ಎರಡೇ ನಿಮಿಷದಲ್ಲಿ ಡಿಲೀಟ್ ಆಯ್ತು, ಅಷ್ಟರಲ್ಲಿ ಚಿಕ್ಕಮ್ಮ ನೋಡಿಯಾಗಿತ್ತು. ಬೆಳಿಗ್ಗೆ ಆರಕ್ಕೆ ನನಗೆ ಫೋನ್: “ನಮ್ ಮಾತಂತೂ ಕೇಳಲ್ಲ. ನೀನಾದ್ರೂ ಒಂದ್ಮಾತು ಹೇಳವ್ವ.”

ಬುದ್ಧಿ ಹೇಳಿದರೆ ಕೇಳುವ ವಯಸ್ಸಲ್ಲ ಅದು. ಹಾಗಾಗಿ ಒಪ್ಪಂದ ಮಾಡಿಕೊಂಡೆ: “ನಿನ್ನ ರೇಸ್‌ಟ್ರ್ಯಾಕ್‌ಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಎಷ್ಟು ಬೇಕೋ ಅಷ್ಟು ಓಡ್ಸು. ವಾಪಸ್ ಬಂದ ಮೇಲೆ ನಮ್ಮೂರ ರಸ್ತೇಲಿ ಈ ಆಟ ಬಂದ್.” ತಮ್ಮ ತಕ್ಷಣ ಒಪ್ಪಿದ. ಅವನ ಮರುಪ್ರಶ್ನೆ ಮಾತ್ರ ನನ್ನ ನಿದ್ದೆ ಕೆಡಿಸಿತು: “ಯಾವ ಕಾರಲ್ಲಿ ಹೋಗೋಣ ಅಕ್ಕ?”

ಯಾವ ಟ್ರ್ಯಾಕ್?

ಚಳ್ಳಕೆರೆ ತಾಲ್ಲೂಕಿನಲ್ಲಿ ರನ್‌ವೇ ಇದೆ. ವರವು ಕಾವಲಿನಲ್ಲಿ 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ಪರೀಕ್ಷಾ ಕೇಂದ್ರದ್ದು ಅದು. ಅಲ್ಲಿ ಚಾಲಕರಿಲ್ಲದ ವಿಮಾನಕ್ಕೆ ಜಾಗ ಇದೆ, ಚಾಲಕರಿರುವ ಕಾರಿಗಿಲ್ಲ!

ಹಾಗೆ ನೋಡಿದರೆ ದಕ್ಷಿಣ ಭಾರತದ ಕಾರ್ ರೇಸಿಂಗ್ ಬೆಳೆದದ್ದೇ ರನ್‌ವೇ ಮೇಲೆ. ಚೆನ್ನೈ ಬಳಿಯ ಶೋಲಾವರಂನಲ್ಲಿ ಎರಡನೇ ಮಹಾಯುದ್ಧ ಕಾಲದ ಏರ್‌ಸ್ಟ್ರಿಪ್ ಇತ್ತು. ದಶಕಗಳ ಕಾಲ ರೇಸ್ ನಡೆದದ್ದು ಅಲ್ಲೇ. ಕಾಯಂ ಟ್ರ್ಯಾಕ್ ಬಂದದ್ದು 1990ರಲ್ಲಿ, ಶ್ರೀಪೆರಂಬದೂರ್ ಹತ್ತಿರದ ಇರುಂಗಾಟ್ಟುಕೋಟ್ಟೈನಲ್ಲಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿದ ಈ ಟ್ರ್ಯಾಕ್ ಉದ್ದ ಸುಮಾರು 3.7 ಕಿ.ಮೀ., ತಿರುವು 12. ಈಗ ಅದರ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್.

ಎರಡನೇ ಆಯ್ಕೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಉದ್ದ 2.1 ಕಿ.ಮೀ. ಅಷ್ಟೇ. ಅದಕ್ಕೆ ಎಸ್. ಕರಿವರ್ಧನ್ ಹೆಸರಿಟ್ಟಿದ್ದಾರೆ. ಮಾರುತಿ 800 ಎಂಜಿನ್ ಇಟ್ಟು ‘ಫಾರ್ಮುಲಾ ಮಾರುತಿ’ ರೇಸ್ ಕಾರು ಕಟ್ಟಿ, ಮಧ್ಯಮ ವರ್ಗದ ಹುಡುಗರಿಗೂ ರೇಸಿಂಗ್ ಬಾಗಿಲು ತೆರೆದವರು ಅವರು. ಪವರ್ ಸಾಲುತ್ತಾ ಅಂತ ಕೇಳುವವರಿಗೆ ಈ ಕಥೆಯೇ ಉತ್ತರ. ಮೂರನೆಯದು ಫಾರ್ಮುಲಾ ಒನ್ ನಡೆದ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್. ಅಲ್ಲಿಗೆ ನಮ್ಮೂರಿನಿಂದ ಕಾರು ಒಯ್ಯೋದು ದೂರದ ಮಾತು.

ನಾವು ಚೆನ್ನೈ ಟ್ರ್ಯಾಕನ್ನೇ ಆರಿಸಿಕೊಂಡೆವು. ಕಾರಣ ಸುಲಭ. ಚಳ್ಳಕೆರೆಯಿಂದ ಹಿರಿಯೂರಿಗೆ ಬಂದು ಹೆದ್ದಾರಿ 48 ಹಿಡಿದರೆ ತುಮಕೂರು, ಬೆಂಗಳೂರು, ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಅದೇ ಹೆದ್ದಾರಿ ಟ್ರ್ಯಾಕ್ ಹತ್ತಿರ ಇಳಿಸುತ್ತೆ. ಮೊಳಕಾಲ್ಮುರಿನಿಂದ ಒಂದು ಕಡೆಗೆ 550 ಕಿ.ಮೀ. ಆಸುಪಾಸು. ಹೋಗಿಬಂದರೆ 1,100. ಅಂದ್ರೆ ಟ್ರ್ಯಾಕ್ ಮೇಲೆ ಓಡಿಸೋದಕ್ಕಿಂತ ಹತ್ತಾರು ಪಟ್ಟು ದೂರ ರಸ್ತೆಯಲ್ಲೇ ಓಡಿಸಬೇಕು. ಕಾರು ಆರಿಸುವಾಗ ಇದನ್ನ ಮರೆಯಬಾರದು.

ಮೂರು ಕಾರು, ಮೂರು ವಾದ

ನಮ್ಮ ಎರಡೂ ಮನೆ ಸೇರಿದರೆ ಮೂರು ಕಾರು.

ಒಂದು, ಚಿಕ್ಕಪ್ಪನ ದೊಡ್ಡ ಡೀಸೆಲ್ ಎಸ್‌ಯುವಿ. ತಮ್ಮನ ಓಟು ಇದಕ್ಕೆ. “ಟಾರ್ಕ್ ನೋಡಕ್ಕ, ಟಾರ್ಕ್!” ಅಂತ ಒಂದೇ ಹಾಡು.

ಎರಡು, ಬೆಂಗಳೂರಿನಲ್ಲಿ ನಾನು ಓಡಿಸುವ ಟರ್ಬೊ ಪೆಟ್ರೋಲ್ ಆಟೊಮ್ಯಾಟಿಕ್. ಹೊಸದು, ಚುರುಕು. ಇನ್ನೂ ನಾಲ್ಕು ವರ್ಷದ ಇಎಂಐ ಬಾಕಿ.

ಮೂರು, ಮೊಳಕಾಲ್ಮುರಿನಲ್ಲಿ ಅಪ್ಪನ ಹತ್ತಿರ ಇರುವ 2019ರ ಸ್ವಿಫ್ಟ್. ಪೆಟ್ರೋಲ್, ಮ್ಯಾನುಯಲ್, 72 ಸಾವಿರ ಕಿ.ಮೀ. ಓಡಿದೆ. ಹಿಂದಿನ ಸೀಟಿನಲ್ಲಿ ಸದಾ ರೇಷ್ಮೆ ಸೀರೆ ಬಂಡಲ್ ಇರುತ್ತೆ, ಅಪ್ಪನದ್ದು ಮೊಳಕಾಲ್ಮುರು ಸೀರೆ ವ್ಯಾಪಾರ. ವಾರಕ್ಕೆ ಎರಡು ಸಲ ಅದು ಅಮ್ಮನನ್ನ ಡಯಾಲಿಸಿಸ್‌ಗೆ ಬಳ್ಳಾರಿಗೆ ಕರೆದೊಯ್ಯುತ್ತದೆ.

ಕಾಗದದ ಮೇಲೆ ಸ್ವಿಫ್ಟ್ ಮೂರನೇ ಸ್ಥಾನ. ಮನೆಯ ಅಗತ್ಯದಲ್ಲಿ ಮೊದಲನೇ ಸ್ಥಾನ. ಪೇಚಾಟ ಶುರುವಾದದ್ದೇ ಇಲ್ಲಿ.

ಬ್ರೇಕ್ ಹೇಳುವ ಲೆಕ್ಕ

ಟ್ರ್ಯಾಕ್‌ನಲ್ಲಿ ಮನೆ ಕಾರಿನ ಎಂಜಿನ್‌ಗಿಂತ ಮೊದಲು ಸುಸ್ತಾಗೋದು ಬ್ರೇಕ್. ಇದಕ್ಕೆ ಹೈಸ್ಕೂಲ್ ಭೌತಶಾಸ್ತ್ರ ಸಾಕು. ಓಡುವ ಕಾರಿನ ಶಕ್ತಿ ತೂಕದ ಜೊತೆ ನೇರವಾಗಿ ಏರುತ್ತೆ, ವೇಗದ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತೆ. ಬ್ರೇಕ್ ಒತ್ತಿದಾಗ ಆ ಶಕ್ತಿಯೆಲ್ಲ ಶಾಖ ಆಗಬೇಕು.

ಸ್ವಿಫ್ಟ್ ತೂಕ ಸುಮಾರು 900 ಕಿಲೋ. ಓಡಿಸುವವರು ಸೇರಿ 970 ಅಂದುಕೊಳ್ಳಿ. 140 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದರೆ ಹುಟ್ಟುವ ಶಾಖ ಸುಮಾರು 600 ಕಿಲೋಜೂಲ್. ಅಡುಗೆಮನೆ ಭಾಷೆಯಲ್ಲಿ ಹೇಳೋದಾದ್ರೆ, ಹೆಚ್ಚೂಕಡಿಮೆ ಎರಡು ಲೀಟರ್ ತಣ್ಣೀರನ್ನ ಕುದಿಯೋ ಹದಕ್ಕೆ ತರುವಷ್ಟು. ಅದೂ ನಾಲ್ಕೈದು ಸೆಕೆಂಡಿನಲ್ಲಿ. ಒಂದು ಸುತ್ತಿನಲ್ಲಿ ಇಂಥ ಬ್ರೇಕಿಂಗ್ ಮತ್ತೆ ಮತ್ತೆ ಬರುತ್ತೆ.

ಎರಡು ಸಾವಿರ ಕಿಲೋ ತೂಗುವ ಎಸ್‌ಯುವಿಯಲ್ಲಿ ಈ ಶಾಖ ಎರಡು ಪಟ್ಟು ದಾಟುತ್ತೆ. ಜೊತೆಗೆ ಕಾರು ಎತ್ತರ, ಭಾರದ ಕೇಂದ್ರವೂ ಮೇಲೆ. ವೇಗವಾಗಿ ತಿರುಗಿಸಿದಾಗ ಹೊರಗಿನ ಟೈರ್‌ಗಳ ಮೇಲೆ ಭಾರವೆಲ್ಲ ಬೀಳುತ್ತೆ, ಮಗುಚುವ ಅಪಾಯವೂ ಜಾಸ್ತಿ. ಎತ್ತರದ ಗಾಡಿಗಳನ್ನ ಆಯೋಜಕರು ಒಳಗೆ ಬಿಡ್ತಾರಾ ಅಂತ ದುಡ್ಡು ಕಟ್ಟೋ ಮುಂಚೆಯೇ ಕೇಳಬೇಕು. ಹೀಗೆ ತಮ್ಮನ ಟಾರ್ಕ್ ವಾದ ಬಿದ್ದುಹೋಯ್ತು.

ನನ್ನ ಆಟೊಮ್ಯಾಟಿಕ್ ಕಥೆ ಬೇರೆ. ಡ್ಯುಯಲ್ ಕ್ಲಚ್ ಇರಲಿ, ಸಿವಿಟಿ ಇರಲಿ, ಮನೆ ಬಳಕೆಯ ಗೇರ್‌ಬಾಕ್ಸ್‌ಗಳಿಗೆ ಬಿಡುವಿಲ್ಲದ ಶಾಖ ಆಗಿಬರಲ್ಲ. ಬಿಸಿ ಮಿತಿ ಮೀರಿದರೆ ಕಂಪ್ಯೂಟರ್ ಪವರ್ ಕಡಿಮೆ ಮಾಡುತ್ತೆ ಅಥವಾ ‘ಗಾಡಿ ನಿಲ್ಲಿಸಿ’ ಅಂತ ಎಚ್ಚರಿಸುತ್ತೆ. ಮ್ಯಾನುಯಲ್ ಆದರೆ ಯಾವ ತಿರುವಿಗೆ ಯಾವ ಗೇರು ಅನ್ನೋದನ್ನ ಕಲಿಯುವವರೇ ಯೋಚಿಸಬೇಕು. ಮೊದಲ ಪಾಠಕ್ಕೆ ಅದು ಒಳ್ಳೇದು. ಎಲೆಕ್ಟ್ರಿಕ್ ಕಾರು ಇರುವವರಿಗೂ ಒಂದು ಮಾತು: ಬ್ಯಾಟರಿ ಭಾರ ಬ್ರೇಕು, ಟೈರು ಎರಡನ್ನೂ ದಣಿಸುತ್ತೆ. ಟ್ರ್ಯಾಕ್‌ನಲ್ಲಿ ಚಾರ್ಜ್ ಬೇಗ ಕರಗುತ್ತೆ, ವಾಪಸ್ ಬರೋ ದಾರಿಯ ಲೆಕ್ಕವೂ ಅದರಲ್ಲೇ ಇರಬೇಕು.

ಇನ್ಶೂರೆನ್ಸ್ ಪುಟದ ಸಣ್ಣ ಅಕ್ಷರ

ನಿಮ್ಮ ಪಾಲಿಸಿಯ ಪಿಡಿಎಫ್ ತೆಗೆದು ‘ಬಳಕೆಯ ಮಿತಿ’ ಅನ್ನೋ ಭಾಗ ಓದಿ. ಖಾಸಗಿ ಕಾರಿನ ಪಾಲಿಸಿಗಳಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇವೆಲ್ಲ ಹೊರಗೆ ಅಂತ ಬರೆದಿರುತ್ತೆ. ಅಂದ್ರೆ ಮೊಳಕಾಲ್ಮುರಿನಿಂದ ಟ್ರ್ಯಾಕ್ ಗೇಟಿನವರೆಗೆ ವಿಮೆ ಇದೆ. ಒಳಗೆ ಗೋಡೆಗೆ ತಾಗಿಸಿದರೆ ಖರ್ಚೆಲ್ಲ ನಮ್ಮದೇ ಅಂದುಕೊಂಡೇ ಹೊರಡಬೇಕು. ಬಂಪರ್ ಟು ಬಂಪರ್, ಝೀರೊ ಡೆಪ್ ಯಾವುದೂ ನೆರವಿಗೆ ಬರಲ್ಲ.

ನನ್ನ ಕಾರು ಆಟದಿಂದ ಹೊರಗೆ ಹೋದದ್ದು ಇಲ್ಲೇ. ಕಾರು ಗುಜರಿಗೆ ಹೋದರೂ ಬ್ಯಾಂಕಿನ ಕಂತು ನಿಲ್ಲಲ್ಲ. ಇಲ್ಲದ ಕಾರಿಗೆ ನಾಲ್ಕು ವರ್ಷ ಇಎಂಐ ಕಟ್ಟೋದು ಯಾರಿಗೆ ಬೇಕು? ಸೆಲ್ಫ್ ಡ್ರೈವ್ ಬಾಡಿಗೆ ಕಾರು ಒಯ್ಯೋಣ ಅಂತ ತಮ್ಮ ಅಂದ. ಬಾಡಿಗೆ ಕರಾರಿನಲ್ಲಿ ರೇಸಿಂಗ್‌ಗೆ ನಿಷೇಧ ಇತ್ತು. ಕರಾರು ಮುರಿದು ಬೇರೆಯವರ ಕಾರು ಉಜ್ಜೋದು ಸರಿಯೂ ಅಲ್ಲ.

ಉಳಿದದ್ದು ಸ್ವಿಫ್ಟ್.

ಅಪ್ಪನ ಮುಂದೆ ವಿಷಯ ಇಟ್ಟಾಗ ಅವರು ರೇಗಲಿಲ್ಲ. ಸೀರೆ ಮಡಚ್ತಾನೇ ಎರಡು ಪ್ರಶ್ನೆ ಕೇಳಿದರು. “ಮಂಗಳವಾರ ನಿಮ್ಮಮ್ಮನ್ನ ಬಳ್ಳಾರಿಗೆ ಯಾರು ಕರ್ಕೊಂಡ್ ಹೋಗ್ತಾರೆ?” ಮತ್ತೆ, “ಗಾಡಿ ವಾಪಸ್ ಬರ್ಲಿಲ್ಲಾಂದ್ರೆ?”

ಮೊದಲನೆಯದಕ್ಕೆ ಚಿಕ್ಕಪ್ಪನ ಎಸ್‌ಯುವಿ ಉತ್ತರ ಆಯಿತು. ಟ್ರ್ಯಾಕ್‌ಗೆ ಒಗ್ಗದ ಗಾಡಿ ಆಸ್ಪತ್ರೆ ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿತ್ತು. ನಾವು ಹೊರಡುವ ಹಿಂದಿನ ದಿನವೇ ಅದು ಮೊಳಕಾಲ್ಮುರಿಗೆ ಬಂದು ನಿಂತಿತು. ಸ್ವಿಫ್ಟ್ ವಾಪಸ್ ಬಂದು, ಮೆಕ್ಯಾನಿಕ್ ನೋಡಿ ಸರಿ ಇದೆ ಅನ್ನೋವರೆಗೂ ಅದು ಅಲ್ಲೇ ಇರಬೇಕು ಅಂತ ಮಾತಾಯಿತು.

ಎರಡನೆಯದಕ್ಕೆ ದುಡ್ಡೇ ಉತ್ತರ. ಪಾಲಿಸಿಯಲ್ಲಿ ಕಾರಿನ ಬೆಲೆ, ಅಂದ್ರೆ ಐಡಿವಿ, ಎಷ್ಟಿತ್ತೋ ಅಷ್ಟನ್ನ ಬೇರೆ ಖಾತೆಯಲ್ಲಿ ಇಟ್ಟೆವು. ಮೂರು ಪಾಲು ನನ್ನದು, ಒಂದು ಪಾಲು ತಮ್ಮನ ಉಳಿತಾಯ. ಕಾರು ಹೋದರೆ ವಾರದೊಳಗೆ ಅಪ್ಪನಿಗೆ ಇನ್ನೊಂದು ಕಾರು ಕೊಡಿಸುವಷ್ಟು. ಆ ಹಣ ವರ್ಗಾಯಿಸಿದ ದಿನ ತಮ್ಮ ಮೊದಲ ಸಲ ಸುಮ್ಮನೆ ಕೂತಿದ್ದ.

ನನ್ನ ಕೇಳಿದರೆ ಇದೇ ನಿಯಮ: ಐಡಿವಿ ಮೊತ್ತವನ್ನ ಇಡೀ ಕಳೆದುಕೊಂಡರೂ ಮನೆ ನಡೆಯುತ್ತೆ ಅನ್ನೋ ಧೈರ್ಯ ಇದ್ದರೆ ಮಾತ್ರ ಆ ಕಾರನ್ನ ಟ್ರ್ಯಾಕ್‌ಗೆ ಒಯ್ಯಿರಿ. ಇಲ್ಲದಿದ್ದರೆ ಬೇಸರ ಬೇಡ. ರೇಸಿಂಗ್ ತರಬೇತಿ ಶಾಲೆಗಳು ತಮ್ಮದೇ ಕಾರು ಕೊಟ್ಟು ಕಲಿಸುತ್ತವೆ. ಅಲ್ಲೂ ಡ್ಯಾಮೇಜ್ ಆದರೆ ಎಷ್ಟು ಕಟ್ಟಬೇಕು ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಹೊರಡುವ ಮುನ್ನ

ಪವರ್ ಹೆಚ್ಚಿಸೋಕೆ ಒಂದು ರೂಪಾಯಿ ಖರ್ಚು ಮಾಡಲಿಲ್ಲ. ದೊಡ್ಡ ಸೈಲೆನ್ಸರ್ ಇಲ್ಲ, ಸ್ಟಿಕರ್ ಇಲ್ಲ. ಮಾಡಿಸಿದ್ದು ಇಷ್ಟು:

• ಬ್ರೇಕ್ ಆಯಿಲ್: ಇದು ಗಾಳಿಯ ತೇವ ಹೀರಿಕೊಳ್ಳುತ್ತೆ. ಮಾನದಂಡದ ಪ್ರಕಾರ ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಗುಳ್ಳೆ ಏಳುತ್ತೆ, ಪೆಡಲ್ ನೆಲಕ್ಕೆ ಹೋದರೂ ಕಾರು ನಿಲ್ಲಲ್ಲ. ಹಳೇ ಆಯಿಲ್ ಪೂರ್ತಿ ತೆಗೆಸಿ ಹೊಸದು ಹಾಕಿಸಿ.

• ಬ್ರೇಕ್ ಪ್ಯಾಡ್: ಚಳ್ಳಕೆರೆ ಮೆಕ್ಯಾನಿಕ್ “ಇನ್ನೂ ಅರ್ಧ ಇದೆಯಲ್ಲ ಮೇಡಂ” ಅಂದರು. ಊರಿಗೆ ಅರ್ಧ ಸಾಕು, ಟ್ರ್ಯಾಕ್‌ಗೆ ಸಾಲಲ್ಲ. ಎರಡು ವಾರ ಮೊದಲೇ ಹೊಸ ಪ್ಯಾಡ್ ಹಾಕಿಸಿದರೆ ದಾರಿಯಲ್ಲೇ ಹದಕ್ಕೆ ಬರುತ್ತೆ.

• ಟೈರ್: ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ. 3222 ಅಂದ್ರೆ 2022ರ 32ನೇ ವಾರ ತಯಾರಾದದ್ದು. ಬದಿ ಉಬ್ಬಿದ್ದರೆ, ಬಿರುಕಿದ್ದರೆ ಹೋಗಲೇಬೇಡಿ. ಗಾಳಿ ಬಾಗಿಲ ಚೌಕಟ್ಟಿನ ಮೇಲೆ ಬರೆದಷ್ಟು ಇರಲಿ. ಓಡಿದ ಮೇಲೆ ಬಿಸಿಗೆ ಒತ್ತಡ ಏರುತ್ತೆ, ಪ್ರತಿ ಸೆಷನ್ ಆದ ಮೇಲೂ ನೋಡಿ. ವಾಪಸ್ ಹೊರಡುವಾಗ ಟೈರ್ ತಣ್ಣಗಾದ ಮೇಲೆ ಮತ್ತೆ ಸರಿ ಮಾಡಿ.

• ವೀಲ್ ನಟ್: ಟಾರ್ಕ್ ರೆಂಚ್‌ನಿಂದ, ಮ್ಯಾನುಯಲ್‌ನಲ್ಲಿ ಇರುವಷ್ಟೇ ಬಿಗಿ.

• ಆಯಿಲ್, ಕೂಲಂಟ್: ಮಟ್ಟ ಸರಿ ಇರಲಿ. ಸೋರಿಕೆ ಇದ್ದರೆ ಪ್ರವಾಸ ಮುಂದೂಡಿ.

• ಒಳಗಿನ ಸಾಮಾನು: ಸ್ಟೆಪ್ನಿ, ಜಾಕ್, ಮ್ಯಾಟ್, ನೀರಿನ ಬಾಟಲಿ, ಡ್ಯಾಶ್‌ಬೋರ್ಡ್ ದೇವರು ಎಲ್ಲ ಪಿಟ್‌ನಲ್ಲಿ ಇಳಿಸಬೇಕು. ಪೆಡಲ್ ಕೆಳಗೆ ಉರುಳಿದ ಒಂದು ಬಾಟಲಿ ಸಾಕು, ಅನಾಹುತಕ್ಕೆ.

ಬ್ರೇಕ್ ಆಯಿಲ್, ಪ್ಯಾಡ್ ಎರಡೂ ಸೇರಿ ಅಪ್ಪನ ಅಂಗಡಿಯ ಒಂದು ಒಳ್ಳೆ ಸೀರೆಯ ಬೆಲೆಗಿಂತ ಕಡಿಮೆಯೇ ಆಯಿತು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಮತ್ತು ಷೂ ಕಡ್ಡಾಯ. ತಿಂಗಳು ಆರಿಸುವಾಗ ಚೆನ್ನೈ ಹವೆ ನೋಡಿ: ವರ್ಷದ ಕೊನೆಗೆ ಹಿಂಗಾರು ಮಳೆ, ಮೇನಲ್ಲಿ ಕೆಂಡದಂಥ ಬಿಸಿಲು. ನಾವು ಹೋದದ್ದು ಜನವರಿಯಲ್ಲಿ, ಹಿಂದಿನ ದಿನವೇ ತಲುಪಿ ಹತ್ತಿರದಲ್ಲೇ ತಂಗಿದೆವು.

ಹದಿನೈದು ನಿಮಿಷದ ಪಾಠ

ಬೆಳಿಗ್ಗೆ ಕಾರಿನ ತಪಾಸಣೆ, ಆಮೇಲೆ ಬಾವುಟಗಳ ಪಾಠ. ಹಳದಿ ಕಂಡರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ನೀಲಿ ಕಂಡರೆ ಹಿಂದೆ ವೇಗದ ಕಾರು, ದಾರಿ ಬಿಡಿ. ಕೆಂಪು ಕಂಡರೆ ಸೆಷನ್ ನಿಂತಿತು. ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡುವ ಶೋಕಿ ಮೊದಲ ಸಲ ಬೇಡವೇ ಬೇಡ ಅಂತ ತರಬೇತುದಾರರು ಖಡಾಖಂಡಿತ ಹೇಳಿದರು.

ಹದಿನೈದು ನಿಮಿಷದ ಸೆಷನ್. ಮೊದಲನೆಯದರಲ್ಲಿ ತಮ್ಮನ ಪಕ್ಕ ತರಬೇತುದಾರರು ಕೂತರು. ಎರಡನೆಯದರಲ್ಲಿ ಅವನು ಒಬ್ಬನೇ. ಅಪ್ಪನ ವಯಸ್ಸಿನವರೊಬ್ಬರು ಹಳೇ ಎಸ್ಟೀಮ್‌ನಲ್ಲಿ ಅವನನ್ನ ಎರಡು ಸಲ ದಾಟಿಹೋದರು. ನೇರ ದಾರಿಯಲ್ಲಿ ಅಲ್ಲ, ತಿರುವಿನ ಮುಂಚೆ. ಅವರಿಗೆ ಯಾವಾಗ ನಿಧಾನ ಮಾಡಬೇಕು ಅಂತ ಗೊತ್ತಿತ್ತು.

ಐದನೇ ಸುತ್ತಿಗೆ ಬ್ರೇಕ್ ಪೆಡಲ್ ಸ್ವಲ್ಪ ಮೆತ್ತಗಾಯಿತು ಅಂತ ತಮ್ಮ ತಾನೇ ನಿಧಾನ ಮಾಡಿ ಪಿಟ್‌ಗೆ ಬಂದ. ಹೀಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಬಿಸಿ ಬ್ರೇಕು ಹಿಡಿದುಕೊಂಡು ಬಿಡುತ್ತೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆವು. ಅರ್ಧ ಗಂಟೆ ಆರಿದ ಮೇಲೆ ಪೆಡಲ್ ಗಟ್ಟಿಯಾಯಿತು. ಪೆಟ್ರೋಲ್ ಮುಳ್ಳು ಇಳಿದ ವೇಗ ನೋಡಿದರೆ ಅಪ್ಪ ಎದೆ ಹಿಡಿದುಕೊಳ್ತಿದ್ದರು.

ಮಧ್ಯಾಹ್ನ ಬ್ರೇಕಿಂಗ್ ಅಭ್ಯಾಸ. ಒಂದು ಕೋನ್ ಹತ್ತಿರ ಪೂರ್ತಿ ಬ್ರೇಕ್ ಒತ್ತಬೇಕು, ಎಲ್ಲಿ ನಿಂತಿತು ನೋಡಬೇಕು. ಲೆಕ್ಕ ಹೀಗೆ: ಒಣ ರಸ್ತೆ, ಒಳ್ಳೆ ಟೈರ್ ಇದ್ದು, ಕಂಡು ಕಾಲು ಹಾಕೋಕೆ ಒಂದು ಸೆಕೆಂಡ್ ಹಿಡಿದರೆ, 70ರಲ್ಲಿ ಹೋಗುವ ಕಾರು ಸುಮಾರು 43 ಮೀಟರ್‌ನಲ್ಲಿ ನಿಲ್ಲುತ್ತೆ. 140ರಲ್ಲಿ ಸುಮಾರು 135 ಮೀಟರ್ ಬೇಕು. ವೇಗ ಎರಡು ಪಟ್ಟು, ದೂರ ಮೂರು ಪಟ್ಟಿಗಿಂತ ಜಾಸ್ತಿ.

ತಮ್ಮ ಕಾರಿಳಿದು ಕೋನ್‌ನಿಂದ ಕಾರಿನವರೆಗೆ ಹೆಜ್ಜೆ ಹಾಕಿ ಎಣಿಸಿದ. ವಾಪಸ್ ಬಂದು ಮೆಲ್ಲಗೆ ಅಂದ: “ಅಕ್ಕ, ನಾನು ಊರಲ್ಲಿ ಅಷ್ಟು ಸ್ಪೀಡಲ್ಲಿ ಒಂದ್ಸಲನೂ ಬ್ರೇಕ್ ಹಾಕಿ ನೋಡಿರ್ಲಿಲ್ಲ.”

ಆಮೇಲೆ?

ಸ್ವಿಫ್ಟ್ ವಾಪಸ್ ಬಂತು. ಮುಂದಿನ ಪ್ಯಾಡ್‌ಗಳು ಚೆನ್ನಾಗಿಯೇ ಸವೆದಿದ್ದವು, ಬದಲಾಯಿಸಿದೆವು. ಬ್ರೇಕ್ ಆಯಿಲನ್ನೂ ಮತ್ತೆ ಹಾಕಿಸಿದೆವು. ಆ ವಾರ ಅಮ್ಮ ಎರಡೂ ಸಲ ಎಸ್‌ಯುವಿಯಲ್ಲೇ ಬಳ್ಳಾರಿಗೆ ಹೋಗಿಬಂದರು. “ಇದು ಹತ್ತೋದೇ ಕಷ್ಟ ಕಣೆ, ನಮ್ ಗಾಡಿ ಬೇಗ ಕೊಡ್ರಿ” ಅಂತ ತಾಕೀತು ಮಾಡಿದ್ದರು.

ತಮ್ಮ ದಿನಾ ಎಷ್ಟರಲ್ಲಿ ಓಡಿಸ್ತಾನೆ ಅಂತ ನೋಡೋಕೆ ನಾನು ಅಲ್ಲಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಅದು ಅವನನ್ನ ತಡೆದಿರಲಿಲ್ಲ. ಹೆಜ್ಜೆ ಹಾಕಿ ಎಣಿಸಿದ ಆ ದೂರ ತಡೆಯಬಹುದು ಅನ್ನೋ ನಂಬಿಕೆ ನನ್ನದು. ಚಿಕ್ಕಮ್ಮ ಹೇಳೋ ಪ್ರಕಾರ ಈಗ ಪಕ್ಕದ ಸೀಟಿನಲ್ಲಿ ಕೂತವರಿಗೆ ಅವನ ಕಾಟ ಬೇರೆ ಥರ: ಮುಂದಿನ ಗಾಡಿಗೂ ನಮಗೂ ಎಷ್ಟು ಮೀಟರ್ ಇದೆ ಅಂತ ದಾರಿಯುದ್ದಕ್ಕೂ ಲೆಕ್ಕ ಒಪ್ಪಿಸ್ತಾನಂತೆ.

ಮುಂದಿನ ಸಲ ಕೊಯಮತ್ತೂರು ಅಂತ ಯೋಜನೆ ಹಾಕಿದ್ದಾನೆ. ಅಪ್ಪನ ಸ್ವಿಫ್ಟ್ ಕೇಳಲ್ಲವಂತೆ. ತನ್ನ ಪಾಲಿನ ಹಣ ಆ ಖಾತೆಯಲ್ಲೇ ಬಿಟ್ಟಿದ್ದಾನೆ. ಅದಕ್ಕೆ ತಿಂಗಳು ತಿಂಗಳು ಸೇರಿಸಿ, ಮನೆಯಲ್ಲಿ ಯಾರಿಗೂ ಬೇಡದ ಒಂದು ಹಳೇ ಸಣ್ಣ ಕಾರು ಕೊಳ್ತಾನಂತೆ. ಕೊಂಡ ಮೇಲೆ ಮೊದಲು ಏನು ಮಾಡಿಸ್ತೀಯ ಅಂತ ಕೇಳಿದೆ.

“ಬ್ರೇಕ್ ಆಯಿಲ್” ಅಂದ.